ಪಾಳಿ ಮುಗಿದ ಮೇಲೆ ಪಾಠ

ಕನ್ನಡ ನಾಡಿನ ಸಂಗೀತದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೈಸೂರು ಅರಮನೆಯಿಂದ ಹೊರಡುತ್ತಾರೆ, ಚಾಮರಾಜಪೇಟೆ ಮತ್ತು ವಿಶ್ವೇಶ್ವರಪುರದ ಸಭೆಗಳಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಾರೆ, ಆಮೇಲೆ ಮದರಾಸಿನ ಸಂಗೀತ ಅಕಾಡೆಮಿಯ ವೇದಿಕೆಗೆ ಹೋಗಿ ಮಾತು ಮುಗಿಸುತ್ತಾರೆ. ಆ ದಾರಿಯಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳು ಸಿಗುವುದೇ ಇಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಅರಮನೆಯಿರಲಿಲ್ಲ, ಹೆಸರಾಂತ ಹಳೆಯ ಸಭೆಗಳೂ ಇರಲಿಲ್ಲ. ಇದ್ದದ್ದು ಕಾರ್ಖಾನೆ, ಮಿಲ್ಲು, ಸಣ್ಣ ಕೈಗಾರಿಕೆ, ಅವುಗಳ ಸುತ್ತ ಎದ್ದ ಮೂವತ್ತು-ನಲವತ್ತರ ಸೈಟುಗಳು. ಆದರೂ ಈ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಎರಡು ಮೂರು ತಲೆಮಾರಿನ ಮಕ್ಕಳು ಸರಳೆ ವರಸೆ ಕಲಿತಿದ್ದಾರೆ, ವೀಣೆ ಮೀಟಿದ್ದಾರೆ, ಮೃದಂಗಕ್ಕೆ ಕೈ ಹೊಂದಿಸಿಕೊಂಡಿದ್ದಾರೆ. ಅವರಿಗೆ ಹೇಳಿಕೊಟ್ಟವರು ಯಾರು, ಎಲ್ಲಿಂದ ಬಂದವರು, ಅವರ ಹೊಟ್ಟೆಪಾಡು ಯಾವುದರಿಂದ ನಡೆಯುತ್ತಿತ್ತು ಎಂದು ಕೇಳಿದರೆ ಚರಿತ್ರೆಯ ಬೇರೊಂದು ಮುಖ ಕಾಣುತ್ತದೆ. ಇಲ್ಲಿನ ಸಂಗೀತ ಮೇಷ್ಟ್ರು ಬಹುಮಟ್ಟಿಗೆ ಇನ್ನೊಂದು ಸಂಬಳದ ಮೇಲೆ ಬದುಕಿದವರು: ಕಾರ್ಖಾನೆಯ ಸಂಬಳ, ಕಚೇರಿಯ ಸಂಬಳ, ಆಕಾಶವಾಣಿಯ ಸಂಬಳ, ಗಂಡನ ಸಂಬಳ, ಕೊನೆಗೆ ಪಿಂಚಣಿ. ಇದನ್ನು ವಿದ್ಯೆಯ ಇಳಿಗಾಲ ಎಂದು ಬಗೆಯುವವರಿದ್ದಾರೆ. ನನ್ನ ವಾದ ಅದಕ್ಕೆ ವಿರುದ್ಧವಾದದ್ದು. ಅರಮನೆಯ ಆಶ್ರಯ ಒಂದೂವರೆ ಶತಮಾನದಲ್ಲಿ ಮಾಡದೇ ಇದ್ದುದನ್ನು ತಿಂಗಳ ಸಂಬಳ ಮೂವತ್ತು ನಲವತ್ತು ವರ್ಷಗಳಲ್ಲಿ ಮಾಡಿತು. ಸಂಗೀತ ಪಾಠವನ್ನು ಸಾಧಾರಣ ಮನೆಯ ಸಂಜೆಯೊಳಗೆ ತಂದಿಟ್ಟಿತು. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಆ ಲೆಕ್ಕವನ್ನು ಈಗಲಾದರೂ ಬಿಚ್ಚಿ ನೋಡಬೇಕು.

ಹಳೆಯ ಆಶ್ರಯದ ಸ್ವರೂಪವನ್ನು ಮೊದಲು ನೋಡೋಣ. ವೀಣೆ ಶೇಷಣ್ಣ (1852–1926), ಮೈಸೂರು ವಾಸುದೇವಾಚಾರ್ಯ (1865–1961), ಮುತ್ತಯ್ಯ ಭಾಗವತರ್ (1877–1945) ಇವರಂಥ ವಿದ್ವಾಂಸರ ಬದುಕಿಗೆ ಆಸ್ಥಾನವೇ ಊರುಗೋಲು. ಜೀವನ ಅರಮನೆಯಿಂದ ನಡೆಯುತ್ತಿದ್ದುದರಿಂದ ಶಿಷ್ಯರಿಂದ ತಿಂಗಳ ಫೀಸು ಎತ್ತುವ ಅಗತ್ಯ ಅವರಿಗೆ ಬೀಳಲಿಲ್ಲ. ಆ ಕಾರಣಕ್ಕೇ ಶಿಷ್ಯರನ್ನು ಆರಿಸಿಕೊಳ್ಳುವುದು ಪೂರ್ತಿ ಗುರುವಿನ ಇಚ್ಛೆಗೆ ಸೇರಿದ್ದಾಗಿತ್ತು. ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು (1895–1967) ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಗುರುಕುಲವಾಸ ಮಾಡಿ ಪಿಟೀಲು ಕಲಿತ ಕಥೆ ನಾಡಿಗೆಲ್ಲ ಗೊತ್ತು. ಆ ಪದ್ಧತಿ ಚೌಡಯ್ಯನವರಂಥ ಒಬ್ಬರನ್ನು ಕೊಟ್ಟಿತು ಎಂಬುದು ಎಷ್ಟು ನಿಜವೋ, ಗುರುವಿನ ಮನೆಯಲ್ಲಿ ವರ್ಷಾನುಗಟ್ಟಲೆ ಇರಲು ಆಗದ ಹುಡುಗನಿಗೆ, ಇರಲು ಬಿಡದ ಮನೆಯ ಹುಡುಗಿಗೆ ಅದರ ಬಾಗಿಲು ಮುಚ್ಚಿತ್ತು ಎಂಬುದೂ ಅಷ್ಟೇ ನಿಜ. ಸ್ವಾತಂತ್ರ್ಯ ಬಂದು ಮೈಸೂರು ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಈ ಊರುಗೋಲು ಸಡಿಲವಾಯಿತು. ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಹೇಳಿದರು. ಚಿಕ್ಕಂದಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ವೀಣೆ ನುಡಿಸಿದ್ದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಬೆಂಗಳೂರಿನ ಆಕಾಶವಾಣಿ ಸೇರಿದರು. ಆಸ್ಥಾನದ ವಿದ್ವತ್ತು ಕೆಲಸದ ಹಾಜರಿ ಪುಸ್ತಕಕ್ಕೆ ಬಂದದ್ದು ಹೀಗೆ.

ಅದೇ ಹೊತ್ತಿಗೆ ಬೆಂಗಳೂರಿನ ಪಶ್ಚಿಮದಲ್ಲಿ ಹೊಸ ನೆಲ ಸಿದ್ಧವಾಗುತ್ತಿತ್ತು. ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿದ್ದು 1945ರಲ್ಲಿ. 1949ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ ಕೈಗಾರಿಕಾ ಉಪನಗರವೇ ಅವರ ಹೆಸರು ಹೊತ್ತು ರಾಜಾಜಿನಗರವಾಯಿತು. ಮಾಗಡಿ ರಸ್ತೆಯ ಕಡೆ ಬಟ್ಟೆ ಮಿಲ್ಲುಗಳು, ಯಶವಂತಪುರದ ಕಡೆ ಸಾಬೂನು ಕಾರ್ಖಾನೆ, ಇನ್ನಷ್ಟು ಉತ್ತರಕ್ಕೆ ಜಾಲಹಳ್ಳಿಯಲ್ಲಿ 1950ರ ದಶಕದ ಮೊದಲಲ್ಲೇ ತೆರೆದ ಎಚ್ಎಂಟಿ ಮತ್ತು ಬಿಇಎಲ್, ಮುಂದೆ ಪೀಣ್ಯದ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳು. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ಕ್ಕೆ 7.8 ಲಕ್ಷಕ್ಕೆ ಹತ್ತಿರವಾಯಿತು, 1981ರ ಜನಗಣತಿಯ ಹೊತ್ತಿಗೆ 29 ಲಕ್ಷ ಮುಟ್ಟಿತು. ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ವಿಜಯನಗರ, ಆರ್‌ಪಿಸಿ ಬಡಾವಣೆ, ಬಸವೇಶ್ವರನಗರಗಳು ಹಬ್ಬಿದವು. ಮೈಸೂರು ರಸ್ತೆಯ ಹಳೆಯ ಊರಾದ ಕೆಂಗೇರಿಯ ಪಕ್ಕದಲ್ಲಿ ಉಪನಗರವೆದ್ದಿತು. ಇಲ್ಲಿ ಸೈಟು ಕೊಂಡವರು, ಬಾಡಿಗೆಗೆ ಬಂದವರು ಹಾಸನ, ತುಮಕೂರು, ಮಂಡ್ಯ, ಮೈಸೂರು, ಕೋಲಾರ, ಮಲೆನಾಡಿನ ಕಡೆಯವರು. ತಿಂಗಳಿಗೊಮ್ಮೆ ಖಚಿತವಾದ ಸಂಬಳ, ಗೊತ್ತಾದ ಕೆಲಸದ ವೇಳೆ, ಮಕ್ಕಳಿಗೆ ತಮಗಿಲ್ಲದಿದ್ದ ವಿದ್ಯೆ ಕೊಡಿಸುವ ಆಸೆ, ಈ ಮೂರೂ ಒಂದೇ ಬೀದಿಯಲ್ಲಿ ಒಟ್ಟಿಗೆ ಬಂದದ್ದು ಇಲ್ಲಿನ ಸಂಗೀತ ಶಾಲೆಗಳ ಮೂಲ ಬಂಡವಾಳ.

ಹಾಗೆ ಬಂದವರಲ್ಲಿ ಕೆಲವರ ಪೆಟ್ಟಿಗೆಯಲ್ಲಿ ಪಾಠಾಂತರವೂ ಇತ್ತು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಗೌರಿಬಿದನೂರಿನ ಕಡೆಯ ಚಿಂತಲಪಲ್ಲಿ ಇಂಥ ಊರುಗಳಲ್ಲಿ ಸಂಗೀತ ಮನೆಮನೆಯ ವಿದ್ಯೆ. ಜಮೀನು ಕೈಬಿಟ್ಟು ಓದು ಅರಸಿ ಹೊರಟ ತಲೆಮಾರು ಅದನ್ನು ಪಟ್ಟಣಕ್ಕೆ ಹೊತ್ತು ತಂದಿತು. ಇದಕ್ಕೆ ನಾಡು ಕಂಡ ದೊಡ್ಡ ಉದಾಹರಣೆ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್. ಮನೆಯಲ್ಲೇ ಸಂಗೀತ ಕಲಿತು, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿ, ಸುಮಾರು ಮೂರು ದಶಕ ಆಕಾಶವಾಣಿಯ ಉದ್ಯೋಗಿಯಾಗಿ ದುಡಿದು, 1979ರಲ್ಲಿ ನಿವೃತ್ತರಾದರು. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. ಕಛೇರಿಯಷ್ಟೇ ಶ್ರದ್ಧೆಯಿಂದ ಅವರು ಪಾಠ ಹೇಳಿದರು; ಬಾನುಲಿಯಲ್ಲಿ ಅವರು ನಡೆಸಿದ ಸಂಗೀತ ಪಾಠವನ್ನು ಕೇಳಿ ಬರೆದುಕೊಂಡು ಕಲಿತವರು ಊರೂರಲ್ಲಿದ್ದರು. 1955ರಲ್ಲಿ ಆಕಾಶವಾಣಿ ಮೈಸೂರಿನಿಂದ ಬೆಂಗಳೂರಿಗೆ ಬಂದದ್ದು ಈ ದೃಷ್ಟಿಯಿಂದ ಬಹಳ ದೊಡ್ಡ ಘಟನೆ. ನಿಲಯದ ಕಲಾವಿದರಿಗೆ ಅದು ಜೀವನ ಕೊಟ್ಟಿತು. ಬಡಾವಣೆಯ ಮೇಷ್ಟ್ರಿಗೆ ಕೊಟ್ಟದ್ದು ಒಂದು ಅಳತೆಗೋಲು. ತಾನು ಹೇಳಿಕೊಟ್ಟ ಕೃತಿಯನ್ನು ವಿದ್ಯಾರ್ಥಿ ಬೆಳಿಗ್ಗೆ ರೇಡಿಯೋದಲ್ಲಿ ದೊಡ್ಡ ವಿದ್ವಾಂಸರಿಂದ ಕೇಳಿ ಬರುತ್ತಾನೆ ಎಂದು ಗೊತ್ತಿದ್ದ ಮೇಷ್ಟ್ರು ತನ್ನ ಪಾಠವನ್ನು ಆಗಾಗ ತಿದ್ದಿಕೊಳ್ಳಲೇಬೇಕಿತ್ತು.

ಆಕಾಶವಾಣಿಯ ಹುದ್ದೆಗಳು ಬೆರಳೆಣಿಕೆಯಷ್ಟು. ಉಳಿದವರ ಪಾಲಿಗೆ ಬಂದದ್ದು ಕಾರ್ಖಾನೆ ಮತ್ತು ಕಚೇರಿ. ಸಿ. ಅಶ್ವತ್ಥ್ (1939–2009) ಸುಗಮ ಸಂಗೀತದಲ್ಲಿ ಮನೆಮಾತಾಗುವ ಜೊತೆಗೇ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡಿದರು. ಶಿವಮೊಗ್ಗ ಸುಬ್ಬಣ್ಣನವರು (1938–2022) ವಕೀಲಿಕೆ ಓದಿದವರು. ಇನ್ನೊಂದು ಉದಾಹರಣೆ ನೇರವಾಗಿ ಪಾಠದ ಕೋಣೆಗೇ ಸಂಬಂಧಿಸಿದ್ದು. ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಚ್ಎಎಲ್‌ನಲ್ಲಿ ಕೆಲಸ ಮಾಡಿದವರು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ರಾಡೆಲ್ ಸಂಸ್ಥೆ ಕಟ್ಟಿದರು. ವಿಮಾನ ಕಾರ್ಖಾನೆಯ ಊರಿನ ತಂತ್ರಜ್ಞಾನ ಮತ್ತು ಕೊಳಲಿನ ಕಿವಿ ಒಬ್ಬರಲ್ಲೇ ಕೂಡಿದ್ದರಿಂದ ಹುಟ್ಟಿದ ಈ ಪೆಟ್ಟಿಗೆ, ತಂಬೂರಿ ಶ್ರುತಿ ಮಾಡಲು ಬಾರದ ಮನೆಯಲ್ಲೂ ಮಗು ನಿಖರವಾದ ಷಡ್ಜಕ್ಕೆ ಅಭ್ಯಾಸ ಮಾಡುವಂತೆ ಮಾಡಿತು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಊರುಗಳಲ್ಲೂ ಕಾರ್ಮಿಕರು ಹಿತ್ತಾಳೆ ವಾದ್ಯಗಳ ಬ್ಯಾಂಡು ಕಟ್ಟಿಕೊಂಡು ಹೆಸರು ಮಾಡಿದ್ದಾರೆ. ಅಲ್ಲಿ ಗಣಿಯೇ ಬ್ಯಾಂಡಿನ ಗುರುತು, ಸಂಗೀತ ಕಾರ್ಮಿಕರ ಒಗ್ಗಟ್ಟಿನ ದನಿ. ಇಲ್ಲಿ ಹಾಗಲ್ಲ. ಕಾರ್ಖಾನೆಗಳಲ್ಲಿ ಕನ್ನಡ ಸಂಘಗಳಿದ್ದವು, ಲಲಿತಕಲಾ ಸಂಘಗಳಿದ್ದವು, ರಾಜ್ಯೋತ್ಸವಕ್ಕೆ ಗಾಯನವಿರುತ್ತಿತ್ತು. ಆದರೆ ನಿತ್ಯದ ಪಾಠ ನಡೆದದ್ದು ಮನೆಯಲ್ಲಿ. ಕಾರ್ಖಾನೆ ಕೊಟ್ಟದ್ದು ಎರಡನ್ನೇ: ಸಂಬಳ ಮತ್ತು ಹೊತ್ತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದವನಿಗೆ ಸಂಜೆ ಐದರಿಂದ ಎಂಟು ತನ್ನದಾಗಿತ್ತು.

ಆ ಮೂರು ಗಂಟೆಯ ಪಾಠ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ, ಮನೆಯ ಅಳತೆ ಪಾಠದ ಅಳತೆಯನ್ನು ಹೇಗೆ ನಿರ್ಧರಿಸಿತು ಎಂಬುದು ತಿಳಿಯುತ್ತದೆ. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಮುಂದಿನ ಹಾಲೊಂದೇ ದೊಡ್ಡ ಜಾಗ. ಕುರ್ಚಿಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರೆ ಎಂಟು ಹತ್ತು ಮಕ್ಕಳು ಕೂರಬಹುದು. ಶ್ರುತಿಪೆಟ್ಟಿಗೆ ಐದು ಮನೆಗೆ ನಿಲ್ಲುತ್ತದೆ. ಎಲ್ಲರ ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತದೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು ಹುಸಿ, ಪೆಟ್ಟು ಹುಸಿ. ಮಾಯಾಮಾಳವಗೌಳದ ಸರಳೆ ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಮೂರನೆಯ ಕಾಲಕ್ಕೆ ಬಂದಾಗ ಹೊಸ ಮಗುವಿನ ಕೈ ಸ್ವರದ ಜೊತೆ ಓಡತೊಡಗುತ್ತದೆ; ಮೇಷ್ಟ್ರು ಹಾಡುವುದನ್ನು ನಿಲ್ಲಿಸದೆ ಆ ಪುಟ್ಟ ಕೈ ಹಿಡಿದು ತಾಳವನ್ನು ಅದರ ಜಾಗಕ್ಕೆ ತರುತ್ತಾರೆ. ಒಂದು ಗುಂಪು ಜಂಟಿ ವರಸೆ ಹಾಡುವಾಗ ಇನ್ನೊಂದು ಗುಂಪು ಪುಸ್ತಕದಲ್ಲಿ ಗೀತೆಯ ಸ್ವರ ಬರೆದುಕೊಳ್ಳುತ್ತದೆ. ವರ್ಣ ಹಾಡುವ ದೊಡ್ಡ ಹುಡುಗಿ ಚಿಕ್ಕವರ ಸರಳೆ ಒಪ್ಪಿಸಿಕೊಳ್ಳುತ್ತಾಳೆ. ಗುರುಕುಲದಲ್ಲಿ ಒಬ್ಬ ಶಿಷ್ಯನ ಕಂಠಕ್ಕೆ ತಕ್ಕಂತೆ ನಡೆಯುತ್ತಿದ್ದ ಪಾಠ ಇಲ್ಲಿ ಹತ್ತು ಕಂಠಗಳ ಸರಾಸರಿಗೆ ಹೊಂದಿಕೊಂಡಿತು. ಅದರಿಂದ ಸೂಕ್ಷ್ಮತೆ ಸ್ವಲ್ಪ ಕಡಿಮೆಯಾಯಿತು. ಆದರೆ ಖರ್ಚು ಹತ್ತು ಮನೆಗಳಿಗೆ ಹಂಚಿಹೋಯಿತು. ನಾಚಿಕೆಯ ಮಗು ಗುಂಪಿನ ದನಿಯಲ್ಲಿ ತನ್ನ ದನಿ ಕಂಡುಕೊಂಡಿತು.

ಇಂಥ ಮನೆಪಾಠಕ್ಕೆ ಶಾಲೆಯ ರೂಪ ಕೊಟ್ಟದ್ದು ಪರೀಕ್ಷೆ. ಸರ್ಕಾರದ ಪರೀಕ್ಷಾ ಮಂಡಳಿ ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬೆಂಗಳೂರಿನ ಯಾವ ಬಡಾವಣೆಯ ಸಂಗೀತ ಶಾಲೆಗೂ ಪಂಚಾಂಗದಂತಿದ್ದವು. ಸರಳೆ, ಜಂಟಿ, ಅಲಂಕಾರ, ಗೀತೆ, ಸ್ವರಜತಿ, ವರ್ಣಗಳಿಂದ ಹೊರಟು ಕೃತಿ, ರಾಗಾಲಾಪನೆ, ಪಲ್ಲವಿಯವರೆಗೆ ಮೆಟ್ಟಿಲುಗಳು. ಹಾಡಿನ ಪರೀಕ್ಷೆಯ ಜೊತೆಗೆ ಶಾಸ್ತ್ರದ ಬರವಣಿಗೆ. ದೇಶದ ಬೇರೆ ಕಡೆ ಇದೇ ಹಾದಿ ಇನ್ನೂ ಮೊದಲೇ ತೆರೆದಿತ್ತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸಂಗೀತವನ್ನು ತರಗತಿ ಮತ್ತು ಪಠ್ಯಕ್ರಮದ ಚೌಕಟ್ಟಿಗೆ ತಂದಿದ್ದರು. ಭಾತಖಂಡೆಯವರ ಯತ್ನದಿಂದ 1926ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಬಂದಿತ್ತು. ಕರ್ನಾಟಕದ ಪರೀಕ್ಷಾ ಪದ್ಧತಿಯ ವಿಶೇಷವೇನೆಂದರೆ, ಅದು ವಿದ್ಯಾರ್ಥಿಯನ್ನು ದೊಡ್ಡ ಕಾಲೇಜಿನ ಬಾಗಿಲಿಗೆ ಕರೆಯದೆ ಮನೆಯ ಹಾಲಿನಲ್ಲಿ ಕಲಿತವರನ್ನೂ ಸಮನಾಗಿ ಪರೀಕ್ಷಿಸಿತು. ಇದರಿಂದ ಮೇಷ್ಟ್ರ ಯೋಗ್ಯತೆ ಅಳೆಯುವ ಬಗೆಯೂ ಬದಲಾಯಿತು. ಮೊದಲು ಯಾರ ಶಿಷ್ಯ, ಯಾವ ಮನೆತನ ಎಂದು ಕೇಳುತ್ತಿದ್ದರು. ಈಗ ವಿದ್ವತ್ ಆಗಿದೆಯೇ, ಎಷ್ಟು ಮಕ್ಕಳನ್ನು ಸೀನಿಯರ್ ಪಾಸು ಮಾಡಿಸಿದ್ದೀರಿ ಎಂದು ಕೇಳತೊಡಗಿದರು. ಮನೆತನದ ಬಲವಿಲ್ಲದವರಿಗೆ ಈ ಎರಡನೆಯ ಪ್ರಶ್ನೆ ದೊಡ್ಡ ಬಿಡುಗಡೆ. ಮುಂದೆ ಮೈಸೂರು ರಸ್ತೆಯ ಕಡೆಯ ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರದರ್ಶಕ ಕಲೆಗಳ ವಿಭಾಗದಿಂದ ಪದವಿ ಪಡೆದವರೂ ಈ ಸಾಲಿಗೆ ಸೇರಿದರು.

ಈ ಬಿಡುಗಡೆಯ ದೊಡ್ಡ ಪಾಲು ಹೆಂಗಸರದು. ಇಲ್ಲಿ ಚರಿತ್ರೆಯ ಒಂದು ಕಹಿಯನ್ನೂ ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೆ ಸಂಗೀತವನ್ನೇ ವೃತ್ತಿಯಾಗಿ ನಡೆಸಿದ ಹೆಂಗಸರು ಬಹುತೇಕ ದೇವದಾಸಿ ಮನೆತನಗಳವರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಬೆಂಗಳೂರು ನಾಗರತ್ನಮ್ಮನವರು (1878–1952) ಅದೇ ಹಿನ್ನೆಲೆಯವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಎಡೆಯಿಲ್ಲದಾಗ ಹೆಂಗಸರದೇ ಗೋಷ್ಠಿ ಕಟ್ಟಿದವರು. ರಾಜಾಜಿನಗರದಲ್ಲಿ ಪಾಠ ಶುರುವಾಗುವ ಹೊತ್ತಿಗೆ ಅಂಥ ಮನೆತನಗಳ ಕಲೆಗಾರ್ತಿಯರು ಮರೆಗೆ ಸರಿದಿದ್ದರು; ಅವರು ಕಾಪಾಡಿದ ವಿದ್ಯೆ ಗೃಹಿಣಿಯರ ಕೈಗೆ ಬಂದಿತ್ತು. ತವರಿನಲ್ಲಿ ವಿದ್ವತ್‌ವರೆಗೆ ಕಲಿತು, ಮದುವೆಯಾಗಿ ಪಶ್ಚಿಮದ ಬಡಾವಣೆಗೆ ಬಂದು, ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ಪಕ್ಕದ ಮನೆಯ ಹುಡುಗಿಗೆ ಹೇಳಿಕೊಡುತ್ತಾ ಪಾಠ ಆರಂಭಿಸಿದ ಟೀಚರುಗಳೇ ಇಲ್ಲಿನ ಬಹುಪಾಲು ಶಾಲೆಗಳ ಜೀವ. ಭಜನಾ ಮಂಡಳಿಗಳಿಗೆ ದೇವರನಾಮ ಕಲಿಸಿದವರೂ ಇವರೇ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿಗೆ, ಪುರಂದರದಾಸರದು ಅದೇ ಪಕ್ಷದ ಅಮಾವಾಸ್ಯೆಗೆ. ಹತ್ತು ದಿನದ ಅಂತರದಲ್ಲಿ ಬರುವ ಈ ಎರಡನ್ನೂ ಕೂಡಿಸಿ ಬಡಾವಣೆಯ ಶಾಲೆಗಳು ಒಂದು ಭಾನುವಾರ ಆರಾಧನೆ ಮಾಡುತ್ತವೆ. ಪಂಚರತ್ನದ ಗೋಷ್ಠಿಯಲ್ಲಿ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳನ್ನು ಒಕ್ಕೊರಲಿನಲ್ಲಿ ಹಾಡುವವರಲ್ಲಿ ಹೆಂಗಸರೇ ಹೆಚ್ಚು. ಇದರ ಹಿಂದೆ ನಾಗರತ್ನಮ್ಮನವರ ಹೋರಾಟವಿದೆ ಎಂಬುದನ್ನು ಪ್ರತಿ ಶಾಲೆಯೂ ಮಕ್ಕಳಿಗೆ ಹೇಳಬೇಕು.

1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ಇನ್ನೊಂದು ಧಾರೆ ಬಂದು ಸೇರಿತು. ಧಾರವಾಡ, ಗದಗ, ರಾಯಚೂರಿನ ಕಡೆಯಿಂದ ರಾಜಧಾನಿಗೆ ಬಂದ ನೌಕರರ ಜೊತೆ ಹಿಂದೂಸ್ತಾನಿ ಗಾಯನ, ತಬಲಾ, ಹಾರ್ಮೋನಿಯಂ, ವಚನ ಗಾಯನ ಬಂದವು. ಮಲ್ಲಿಕಾರ್ಜುನ ಮನ್ಸೂರರು (1910–1992) ವಚನಗಳಿಗೆ ಕೊಟ್ಟ ರಾಗರೂಪ ಬಸವೇಶ್ವರನಗರ, ವಿಜಯನಗರದ ಅನೇಕ ಮನೆಗಳಿಗೆ ಪ್ರಿಯವಾಗಿತ್ತು. ಈ ಧಾರೆಯ ಮೇಷ್ಟ್ರುಗಳ ಹಿನ್ನೆಲೆ ಹಳೆ ಮೈಸೂರಿನವರಿಗಿಂತ ಬೇರೆ. ಅವರಲ್ಲಿ ಹಲವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಕಲಿತು, ಊರೂರು ತಿರುಗುವ ಸಂಗೀತ ಶಾಲೆಯಾಗಿ ಆರಂಭಿಸಿದ್ದನ್ನು ಮುಂದೆ ಪುಟ್ಟರಾಜ ಗವಾಯಿಗಳು (1914–2010) ದೊಡ್ಡ ಆಶ್ರಮವಾಗಿ ಬೆಳೆಸಿದರು. ಇಬ್ಬರೂ ಅಂಧರು. ಅನ್ನ, ವಸತಿ, ವಿದ್ಯೆ ಮೂರನ್ನೂ ಉಚಿತವಾಗಿ ಕೊಟ್ಟು, ಅಂಧ ಮತ್ತು ಬಡ ಮಕ್ಕಳನ್ನು ಜಾತಿ ಕೇಳದೆ ಸಾಕಿದ ಆಶ್ರಮವದು; ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿತು. ಬಸವರಾಜ ರಾಜಗುರು, ಎಂ. ವೆಂಕಟೇಶ ಕುಮಾರರಂಥ ಗಾಯಕರು ಬಂದದ್ದು ಈ ಪರಂಪರೆಯಿಂದ. ಹೆಸರಿನ ಗಾಯಕರಾಗದೆ ಶಾಲೆ, ಮಠ, ಮನೆಪಾಠಗಳಲ್ಲಿ ಮೇಷ್ಟ್ರಾಗಿ ಬದುಕಿದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಅವರಿಗೆ ಕಾರ್ಖಾನೆಯ ಸಂಬಳವಿರಲಿಲ್ಲ, ಪಾಠವೇ ಬದುಕು. ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಮುಂದೆ ಇದಕ್ಕೆ ಮರಳಬೇಕಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಹಳೆಯದು: ಹೊಟ್ಟೆಗೆ ಬೇರೆ ಕೆಲಸ, ಸಂಜೆ ಮಾತ್ರ ಸಂಗೀತ ಎಂದರೆ ವಿದ್ಯೆ ತೆಳುವಾಗುತ್ತದೆ; ಪರೀಕ್ಷೆಗಾಗಿ ಗಿಣಿಪಾಠ ಹೇಳುವವರಿಂದ ವಿದ್ವಾಂಸರು ಹುಟ್ಟುವುದಿಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ಪರೀಕ್ಷೆಗೆ ಬೇಕಾದಷ್ಟೇ ಕೃತಿ ಕಲಿಸಿ ಮನೋಧರ್ಮವನ್ನು ಮುಟ್ಟದ ಶಾಲೆಗಳಿವೆ. ಬರೆದಿಟ್ಟ ಕಲ್ಪನಾಸ್ವರವನ್ನು ಬಾಯಿಪಾಠ ಮಾಡಿಸುವುದು ಸಂಗೀತಕ್ಕೆ ಮಾಡುವ ಅನ್ಯಾಯವೇ ಸರಿ. ಆದರೆ ಸಂಬಳಕ್ಕೂ ಆಳಕ್ಕೂ ಹುಟ್ಟಿನಿಂದ ವೈರವಿದೆ ಎನ್ನುವುದನ್ನು ಶ್ರೀಕಂಠನ್ ಮತ್ತು ದೊರೆಸ್ವಾಮಿ ಅಯ್ಯಂಗಾರ್ಯರ ಬದುಕೇ ಅಲ್ಲಗಳೆಯುತ್ತದೆ. ಇಬ್ಬರೂ ನೌಕರಿಯಲ್ಲಿದ್ದುಕೊಂಡೇ ಹಾಡಿದರು, ನುಡಿಸಿದರು, ಶಿಷ್ಯರನ್ನು ತಯಾರು ಮಾಡಿದರು. ಇನ್ನೊಂದು ಮಾತು. ಬಡಾವಣೆಯ ಶಾಲೆಯನ್ನು ಅದು ಕೊಟ್ಟ ವಿದ್ವಾಂಸರ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಕಛೇರಿಗೆ ಕೇಳುವ ಕಿವಿ ಬೇಕು. ಆದಿತಾಳಕ್ಕೆ ಕೈ ಹಾಕಬಲ್ಲ, ತೋಡಿಗೂ ಭೈರವಿಗೂ ಇರುವ ಬೇರೆತನ ಗುರುತಿಸಬಲ್ಲ ಶ್ರೋತೃಗಳಿಲ್ಲದೆ ಯಾವ ವಿದ್ವಾಂಸನೂ ನಿಲ್ಲಲಾರ. ರಾಮನವಮಿಯ ಕಛೇರಿಗಳಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ, ದೇವಸ್ಥಾನಗಳ ಪ್ರಾಕಾರದಲ್ಲಿ ಕುಳಿತು ಕೇಳುವ ಆ ಕಿವಿಗಳನ್ನು ತಯಾರು ಮಾಡಿದವರು ಸಂಜೆಯ ಮೇಷ್ಟ್ರುಗಳು. ಜೂನಿಯರ್ ಮುಗಿಸಿ ಬಿಟ್ಟ ಹುಡುಗಿಯನ್ನು ಸಂಗೀತ ಕಳೆದುಕೊಂಡಿತು ಎಂದು ಬರೆದಿಡುವುದು ತಪ್ಪು. ಇಪ್ಪತ್ತು ವರ್ಷಗಳ ಮೇಲೆ ತನ್ನ ಮಗುವಿನ ಕೈ ಹಿಡಿದು ಅದೇ ಬಾಗಿಲಿಗೆ ಬರುವವಳು ಅವಳೇ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸಲೀಸಾದ ಉತ್ತರವಿಲ್ಲ. ಸಂಗೀತವನ್ನು ಎಲ್ಲರಿಗೂ ತಲುಪಿಸಿತು ಎನ್ನುತ್ತೀರಿ, ಎಲ್ಲರೂ ಎಂದರೆ ಯಾರು? ರುದ್ರಪಟ್ಟಣ, ಚಿಂತಲಪಲ್ಲಿಗಳ ಪಾಠಾಂತರ ಒಂದು ಸಮುದಾಯದ ಸೊತ್ತಾಗಿತ್ತು. ಪಾಠ ಹೇಳುವವರಲ್ಲೂ ಕಲಿಯುವವರಲ್ಲೂ ಬಹುಕಾಲ ಅದೇ ಮುಂದಿತ್ತು. ಕೆಂಗೇರಿಯಂಥ ಹಳೆಯ ಊರುಗಳಲ್ಲಿ, ಬಡಾವಣೆಗಳು ನುಂಗಿದ ಹಳ್ಳಿಗಳಲ್ಲಿ ಮೊದಲಿನಿಂದಲೂ ಸಂಗೀತವಿತ್ತು. ಮದುವೆ, ತೇರು, ಜಾತ್ರೆಗಳಿಗೆ ವಾಲಗ ಊದುವ ಸವಿತಾ ಸಮಾಜದವರಿದ್ದರು, ತಮಟೆಯವರಿದ್ದರು, ಭಜನೆ ಕೋಲಾಟದವರಿದ್ದರು, ಸೋಬಾನೆ ಹೇಳುವ ಹೆಂಗಸರಿದ್ದರು. ಗಂಟೆಗಟ್ಟಲೆ ರಾಗ ಬೆಳೆಸುವ ನಾಗಸ್ವರದ ವಿದ್ಯೆ ಯಾವ ಶಾಸ್ತ್ರೀಯ ಗಾಯನಕ್ಕೂ ಕಡಿಮೆಯದಲ್ಲ. ಆದರೂ ಬಡಾವಣೆಯ ಸಂಗೀತ ಶಾಲೆಯ ಬೋರ್ಡಿನಲ್ಲಿ ಗಾಯನ, ವೀಣೆ, ಪಿಟೀಲು, ಕೊಳಲು, ಮೃದಂಗ ಬಂದವೇ ಹೊರತು ನಾಗಸ್ವರ, ಡೋಲು ಬರುವುದು ಅಪರೂಪ. ಅದನ್ನು ಕಲಿಸುವ ಮೇಷ್ಟ್ರು ಒಂದು ಕಿಲೋಮೀಟರು ದೂರದಲ್ಲೇ ಇದ್ದರೂ ಅವನನ್ನು ಮುಹೂರ್ತಕ್ಕೆ ಕರೆದರು, ಪಾಠಕ್ಕೆ ಕರೆಯಲಿಲ್ಲ. ಈ ದೋಷವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಇದು ಸಂಬಳದ ಆಶ್ರಯ ಹುಟ್ಟಿಸಿದ ದೋಷವಲ್ಲ. ಹಿಂದಿನಿಂದ ಬಂದದ್ದನ್ನು ಅದು ತಿದ್ದಲಿಲ್ಲ ಎಂಬುದು ಅದರ ತಪ್ಪು. ಪರೀಕ್ಷೆ ಮತ್ತು ಗುಂಪುಪಾಠ ಬಾಗಿಲನ್ನು ತಕ್ಕಮಟ್ಟಿಗೆ ತೆರೆದದ್ದೂ ದಿಟ. ಚೌಡಯ್ಯನವರಂಥವರು ಗುರುವೊಬ್ಬರ ಕೃಪೆಯಿಂದ ದಾಟಿದ ಹೊಸಿಲನ್ನು ಈಗ ಫೀಸು ಕಟ್ಟಿ ಹೆಸರು ಬರೆಸಿ ದಾಟಬಹುದಿತ್ತು. ಬಸವೇಶ್ವರನಗರ, ವಿಜಯನಗರದ ತರಗತಿಗಳಲ್ಲಿ ದಾಸರ ಪದ, ವಚನ, ತತ್ವಪದ, ಭಾವಗೀತೆ ಒಂದೇ ಚಾಪೆಯ ಮೇಲೆ ಬಂದು ಕೂತದ್ದು ಅಲ್ಲಿಗೆ ಬಂದ ಮಕ್ಕಳ ಮನೆಗಳು ಬಗೆಬಗೆಯವಾಗಿದ್ದರಿಂದಲೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಮತ್ತು ನನ್ನ ವಾದದ ಒಳಗಿನಿಂದಲೇ ಏಳುವಂಥದ್ದು. ಸಂಬಳವಿದ್ದ ಮೇಷ್ಟ್ರು ಫೀಸನ್ನು ಕಡಿಮೆ ಇಟ್ಟುಕೊಳ್ಳಬಲ್ಲವರಾಗಿದ್ದರು. ಎಷ್ಟೋ ಮಂದಿ ಬಡ ಮಕ್ಕಳಿಂದ ಏನನ್ನೂ ತೆಗೆದುಕೊಳ್ಳಲಿಲ್ಲ, ವಿದ್ಯೆ ಮಾರಬಾರದು ಎಂಬ ನಂಬಿಕೆಯಿಂದ ನಡೆದುಕೊಂಡರು. ಅವರ ಔದಾರ್ಯ ದೊಡ್ಡದು. ಆದರೆ ಅದೇ ಕಡಿಮೆ ಫೀಸು ಇಡೀ ಬಡಾವಣೆಯ ದರವಾಗಿ ನಿಂತಿತು. ಸಂಗೀತ ಪಾಠಕ್ಕೆ ಇಷ್ಟೇ ಕೊಡಬೇಕು ಎಂಬ ಎಣಿಕೆ ಜನರ ಮನಸ್ಸಿನಲ್ಲಿ ಊರಿತು. ಗಣಿತದ ಟ್ಯೂಷನ್ನಿಗೆ ಮರುಮಾತಿಲ್ಲದೆ ಹಣ ಕೊಡುವ ಮನೆಯವರು ಸಂಗೀತದ ಮೇಷ್ಟ್ರು ಫೀಸು ಹೆಚ್ಚಿಸಿದರೆ ಬೇಸರಪಟ್ಟರು. ಇದರ ಪೆಟ್ಟು ಬಿದ್ದದ್ದು ಪಾಠವನ್ನೇ ನಂಬಿದವರಿಗೆ. ಗದಗಿನ ಆಶ್ರಮದಿಂದ ಬಂದ ಅಂಧ ಗಾಯಕ, ಪಕ್ಕವಾದ್ಯದಿಂದಲೇ ಸಂಸಾರ ತೂಗಿಸಬೇಕಾದ ತಬಲಾ ವಾದಕ, ನಾಟಕ ಕಂಪನಿ ಮುಚ್ಚಿದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿದ ಮೇಷ್ಟ್ರು, ಇವರೆಲ್ಲ ಸಂಬಳದವರ ದರದೊಡನೆ ಸ್ಪರ್ಧಿಸಬೇಕಾಯಿತು. ಗೃಹಿಣಿ ಟೀಚರುಗಳ ಪಾಡೂ ಇದರೊಳಗೇ ಇದೆ. ಮನೆಯಲ್ಲಿ ಗಂಡನ ದುಡಿಮೆಯಿದೆ ಎಂಬ ಕಾರಣಕ್ಕೆ ಅವರ ಮೂವತ್ತು ವರ್ಷದ ಪಾಠವನ್ನು ಹವ್ಯಾಸ ಎಂದು ಕರೆದರು. ಆ ದುಡಿಮೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಸಂಬಳದ ಆಶ್ರಯ ಸಂಗೀತವನ್ನು ಹಬ್ಬಿಸಿತು, ಸಂಗೀತ ಪಾಠವನ್ನು ಒಂದು ವೃತ್ತಿಯಾಗಿ ನಿಲ್ಲಲು ಬಿಡಲಿಲ್ಲ. ಇವೆರಡೂ ಒಂದೇ ಕಾರಣದಿಂದ ಆದ ಪರಿಣಾಮಗಳು. ಒಂದನ್ನು ಹೊಗಳಿ ಇನ್ನೊಂದನ್ನು ಮರೆಯುವುದು ಪ್ರಾಮಾಣಿಕತೆಯಾಗಲಾರದು.

ಇದು ಹಳೆಯ ಕಥೆಯ ವಿಮರ್ಶೆಯಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳಬೇಕಿರಲಿಲ್ಲ. ಆ ಸಂಬಳವೇ ಈಗ ಕರಗುತ್ತಿದೆ. ಎಚ್ಎಂಟಿಯ ಕೈಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಬಂತು. ಮಾಗಡಿ ರಸ್ತೆಯ ಮಿಲ್ಲುಗಳ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. 2006ರ ಏಪ್ರಿಲ್‌ನಿಂದ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ. ನಿವೃತ್ತಿಯಾದ ಮೇಲೆ ನೆಮ್ಮದಿಯಿಂದ ಪಾಠ ಹೇಳಿದ ತಲೆಮಾರಿಗಿದ್ದ ಖಚಿತ ಪಿಂಚಣಿ ಅವರಿಗಿಲ್ಲ. ಮೂರು ಗಂಟೆಯ ಸಂಜೆಯೂ ಈಗ ಯಾರಿಗೂ ಉಳಿದಿಲ್ಲ. ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ ಬೆಳಗಿನ ಪಾಳಿಯಂಥ ಕಟ್ಟಿಲ್ಲ. 2015ರಲ್ಲಿ ವಿಜಯನಗರಕ್ಕೂ 2021ರಲ್ಲಿ ಕೆಂಗೇರಿಗೂ ಮೆಟ್ರೋ ಬಂದ ಮೇಲೆ ಓಡಾಟ ಸಲೀಸಾಯಿತು, ಅದರೊಡನೆ ಬಾಡಿಗೆಯೂ ಏರಿತು; ಮೂವತ್ತು-ನಲವತ್ತರ ಮನೆಗಳು ಒಡೆದು ಮಹಡಿ ಮನೆಗಳಾದವು, ಚಾಪೆ ಹಾಸುವ ಹಾಲು ಬಾಡಿಗೆಯ ಚದರಡಿಯಾಯಿತು. ಇಂದು ಈ ಬಡಾವಣೆಗಳಲ್ಲಿ ಪಾಠ ಹೇಳಲು ಮುಂದೆ ಬರುವ ಯುವಕ ಯುವತಿಯರಿಗೆ ಸಂಗೀತದಲ್ಲಿ ಎಂ.ಎ. ಇದೆ, ವಿದ್ವತ್ ಇದೆ. ಬೆಳಿಗ್ಗೆ ಖಾಸಗಿ ಶಾಲೆಯಲ್ಲಿ ಅರೆಕಾಲಿಕ ಕೆಲಸ, ಸಂಜೆ ಮನೆಪಾಠ, ರಾತ್ರಿ ಅಮೆರಿಕದ ಕನ್ನಡ ಮಕ್ಕಳಿಗೆ ಆನ್‌ಲೈನ್ ಪಾಠ, ಹೀಗೆ ಮೂರು ಕಡೆ ದುಡಿದು ತಿಂಗಳು ತೂಗಿಸುತ್ತಾರೆ. ಪಾಠವನ್ನೇ ನಂಬಿದ ಗದಗಿನ ಮೇಷ್ಟ್ರ ಸ್ಥಿತಿ ಈಗ ಎಲ್ಲರ ಸ್ಥಿತಿಯಾಗಿದೆ.

ಹಾಗಾದರೆ ಮಾಡಬೇಕಾದದ್ದೇನು? ಅರಮನೆ ಮರಳುವುದಿಲ್ಲ, ಕಾರ್ಖಾನೆಯ ಪಾಳಿಯೂ ಮರಳುವುದಿಲ್ಲ. ಹಿಂದಿನ ಎರಡೂ ಆಶ್ರಯಗಳಲ್ಲಿ ಮೇಷ್ಟ್ರನ್ನು ಸಾಕಿದವರು ಬೇರೆ ಯಾರೋ ಆಗಿದ್ದರು. ಕಲಿಯುವ ಮನೆಯವರು ಪಾಠದ ಪೂರ್ತಿ ಬೆಲೆಯನ್ನು ಎಂದೂ ಕೊಡಬೇಕಾಗಿ ಬರಲಿಲ್ಲ. ಈಗ ಆ ಹೊಣೆ ಬಡಾವಣೆಗೇ ಬಂದಿದೆ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಕಾಯಂ ಹುದ್ದೆಗಳು ಬೇಕು. ಹಾಗಾದರೆ ಫೀಸು ಕೊಡಲಾಗದ ಮಗುವಿಗೆ ಮೇಷ್ಟ್ರ ಔದಾರ್ಯವನ್ನು ಕಾಯುವ ಪಾಡು ತಪ್ಪುತ್ತದೆ. ಬಡಾವಣೆಯ ಸಮುದಾಯ ಭವನಗಳು, ದೇವಸ್ಥಾನ ಮತ್ತು ಮಠಗಳ ಸಭಾಂಗಣಗಳು ವಾರದ ಸಂಜೆಗಳಲ್ಲಿ ಸಂಗೀತ ಪಾಠಕ್ಕೆ ಕಡಿಮೆ ಬಾಡಿಗೆಗೆ ತೆರೆದುಕೊಳ್ಳಬೇಕು, ನಾಗಸ್ವರ ಮತ್ತು ಡೋಲಿನ ಮೇಷ್ಟ್ರಿಗೂ ಅಲ್ಲಿ ಸಮನಾದ ಜಾಗವಿರಬೇಕು. ಶಕ್ತಿಯಿರುವ ಮನೆಗಳು ಗಣಿತದ ಮೇಷ್ಟ್ರಿಗೆ ಕೊಡುವಷ್ಟನ್ನು ಸಂಗೀತದ ಮೇಷ್ಟ್ರಿಗೂ ಚೌಕಾಸಿಯಿಲ್ಲದೆ ಕೊಡಬೇಕು. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಶಾಲೆಗಳ ಎಪ್ಪತ್ತು ವರ್ಷದ ಚರಿತ್ರೆಯಿಂದ ಕಲಿಯಬೇಕಾದ ಪಾಠ ಸರಳವಾದದ್ದು: ಸಂಗೀತ ಎಂದೂ ಪುಕ್ಕಟೆಯಾಗಿ ಬೆಳೆದಿಲ್ಲ, ಅದರ ಖರ್ಚನ್ನು ಯಾರೋ ಹೊತ್ತಿದ್ದಾರೆ. ಇಷ್ಟು ದಿನ ಹೊತ್ತವರು ದಣಿದಿದ್ದಾರೆ. ಕಲಿತವರು ಈಗ ಹೆಗಲು ಕೊಡಬೇಕು.